‘ಕೃತಯೋಗ್ಯ’ ಯಾರು? ಶಸ್ತ್ರವೈದ್ಯನ ಅರ್ಹತೆಯ ಕುರಿತು ಒಂದು ಪದವಿಚಾರ

2020ರ ನವೆಂಬರಿನಲ್ಲಿ ಭಾರತೀಯ ವೈದ್ಯಪದ್ಧತಿಗಳ ಕೇಂದ್ರೀಯ ಮಂಡಳಿ ಶಲ್ಯ ಮತ್ತು ಶಾಲಾಕ್ಯ ಸ್ನಾತಕೋತ್ತರ ವಿದ್ಯಾರ್ಥಿಗಳು ಕಲಿಯಬೇಕಾದ 58 ಶಸ್ತ್ರಕ್ರಿಯೆಗಳನ್ನು ಹೆಸರಿಸಿ ಅಧಿಸೂಚನೆ ಹೊರಡಿಸಿತು. ಶಲ್ಯಕ್ಕೆ 39, ಶಾಲಾಕ್ಯಕ್ಕೆ 19. ಆಗ ಎದ್ದ ವಾದವಿವಾದದ ತೀರ್ಮಾನ ನನ್ನ ವಿಷಯವಲ್ಲ. ಆ ಗದ್ದಲದಲ್ಲಿ ಒಂದು ಹಳೆಯ ತಪ್ಪು ಮತ್ತೆ ಜೀವ ಪಡೆಯಿತು: ಸುಶ್ರುತನ ಕಾಲದಲ್ಲೇ ರಾಜನು ಶಸ್ತ್ರವೈದ್ಯನನ್ನು ಪರೀಕ್ಷಿಸಿ ‘ಯೋಗ್ಯ’ನೆಂದು ಪ್ರಮಾಣಪತ್ರ ಕೊಡುತ್ತಿದ್ದನಂತೆ. ವೇದಿಕೆಗಳಲ್ಲಿ ಇದನ್ನು ಕೇಳಿದ್ದೇನೆ, ಪಠ್ಯಟಿಪ್ಪಣಿಗಳಲ್ಲಿ ಓದಿದ್ದೇನೆ. ಹೇಳಿದವರಲ್ಲಿ ನಾನು ಗೌರವಿಸುವ ಹಿರಿಯರೂ ಇದ್ದಾರೆ. ಆದರೂ ಇದು ತಪ್ಪು.

ಈ ವಾದ ಸುಶ್ರುತಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯದ ಎರಡು ಪದಗಳ ಮೇಲೆ ನಿಂತಿದೆ: ‘ಕೃತಯೋಗ್ಯ’ ಮತ್ತು ‘ರಾಜಾನುಜ್ಞಾತ’. ಮೊದಲನೆಯದನ್ನು ‘ಯೋಗ್ಯನೆನಿಸಿಕೊಂಡವನು’ ಎಂದು ಓದಿ, ಅದನ್ನು ಎರಡನೆಯದಕ್ಕೆ ಗಂಟುಹಾಕಿದರೆ ರಾಜಪರೀಕ್ಷೆ ಸಿದ್ಧವಾಗುತ್ತದೆ. ಕನ್ನಡಿಗರಾದ ನಮಗೆ ಈ ಜಾರುದಾರಿ ಇನ್ನೂ ಹತ್ತಿರ, ಏಕೆಂದರೆ ‘ಯೋಗ್ಯ’ ನಮ್ಮ ದಿನಬಳಕೆಯ ಮಾತು. ಆದರೆ ಈ ಸಮಾಸದೊಳಗಿರುವುದು ಆ ಗುಣವಾಚಕವಲ್ಲ, ‘ಯೋಗ್ಯಾ’ ಎಂಬ ಸ್ತ್ರೀಲಿಂಗ ನಾಮಪದ. ಅದರ ಅರ್ಥ ಕೈಯಭ್ಯಾಸ. ಬಹುವ್ರೀಹಿಯಾದಾಗ ಕೊನೆಯ ದೀರ್ಘ ಹ್ರಸ್ವವಾಗುವುದರಿಂದ ಎರಡೂ ಒಂದೇ ರೂಪದಲ್ಲಿ ಕಾಣುತ್ತವೆ. ಕೃತಯೋಗ್ಯ ಎಂದರೆ ಅಭ್ಯಾಸ ಮಾಡಿ ಮುಗಿಸಿದವನು. ಅವನನ್ನು ಯಾರೋ ಯೋಗ್ಯನೆಂದು ಸಾರಿದರೆಂಬ ಅರ್ಥ ಅಲ್ಲಿಲ್ಲ.

ಇದು ನನ್ನ ಊಹೆಯಲ್ಲ. ಹಿಂದಿನ ಒಂಬತ್ತನೆಯ ಅಧ್ಯಾಯದ ಹೆಸರೇ ಯೋಗ್ಯಾಸೂತ್ರೀಯ. ಅದರ ಆರಂಭದಲ್ಲೇ ಗ್ರಂಥಕಾರ ‘ಅಕೃತಯೋಗ್ಯ’ ಮತ್ತು ‘ಅಯೋಗ್ಯ’ ಎಂಬ ಪದಗಳನ್ನು ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಇಡುತ್ತಾನೆ. ಎಷ್ಟೇ ಶಾಸ್ತ್ರ ಕೇಳಿದ್ದರೂ ಮೊದಲನೆಯವನು ಕರ್ಮದಲ್ಲಿ ಎರಡನೆಯವನಾಗುತ್ತಾನೆ ಎಂಬುದು ಅಲ್ಲಿನ ತಾತ್ಪರ್ಯ. ಎರಡೂ ಪದಗಳಿಗೆ ಒಂದೇ ಅರ್ಥವಿದ್ದರೆ ಆ ವಾಕ್ಯ ಅನರ್ಹನು ಅನರ್ಹನಾಗುತ್ತಾನೆ ಎಂದಷ್ಟೇ ಹೇಳಿದಂತಾಗುತ್ತದೆ. ಒಂಬತ್ತನ್ನು ಓದದೆ ಹತ್ತಕ್ಕೆ ಹಾರಿದವರಿಗೆ ಮಾತ್ರ ಈ ಗೊಂದಲ ಸಾಧ್ಯ.

ಇನ್ನು ಆ ಅಭ್ಯಾಸದ ಸ್ವರೂಪ ನೋಡಬೇಕು. ಅದು ಒಟ್ಟಾರೆ ಶಸ್ತ್ರವಿದ್ಯೆಯ ಅಭ್ಯಾಸವಲ್ಲ. ಒಂದೊಂದು ಕ್ರಿಯೆಗೂ ಒಂದೊಂದು ವಸ್ತು ಗೊತ್ತಾಗಿದೆ. ಛೇದನಕ್ಕೆ ಬೂದುಗುಂಬಳ, ಸೋರೆ, ಸೌತೆಯಂಥ ಕಾಯಿಗಳು. ಭೇದನಕ್ಕೆ ನೀರು ಕೆಸರು ತುಂಬಿದ ಚರ್ಮದ ಚೀಲ. ಲೇಖನಕ್ಕೆ ಕೂದಲು ಸಹಿತ ಬಿಗಿದು ಹರಡಿದ ತೊಗಲು. ವೇಧನಕ್ಕೆ ಸತ್ತ ಪಶುವಿನ ಸಿರೆ, ತಾವರೆಯ ದಂಟು. ಏಷಣಕ್ಕೆ ಹುಳು ತಿಂದ ಮರ. ಆಹರಣಕ್ಕೆ ಹಲಸು, ಬಿಲ್ವಗಳ ತಿರುಳು, ಸತ್ತ ಪ್ರಾಣಿಯ ಹಲ್ಲು. ವಿಸ್ರಾವಣಕ್ಕೆ ಜೇನುಮೇಣ ಬಳಿದ ಬೂರುಗದ ಹಲಗೆ. ಹೊಲಿಗೆಗೆ ತೆಳು ಮತ್ತು ದಪ್ಪ ಬಟ್ಟೆಯ ಅಂಚುಗಳು. ಕಟ್ಟು ಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆ. ಬೂದುಗುಂಬಳಕ್ಕೆ ಕತ್ತಿಯಿಟ್ಟವರಿಗೆ ಈ ಆಯ್ಕೆಯ ಸೂಕ್ಷ್ಮ ತಿಳಿಯುತ್ತದೆ. ಸಿಪ್ಪೆ ಒತ್ತಡ ಬೇಡುತ್ತದೆ. ಅದು ಸೀಳಿದ ಕ್ಷಣವೇ ಕೈ ಹಿಡಿತಕ್ಕೆ ಬರದಿದ್ದರೆ ಅಲಗು ತಿರುಳಿನೊಳಕ್ಕೆ ನುಗ್ಗಿಬಿಡುತ್ತದೆ. ಆ ತಡೆಯನ್ನು ಕಲಿಸುವುದೇ ಛೇದನದ ಯೋಗ್ಯಾ.

ಹಾಗಾದರೆ ‘ರಾಜಾನುಜ್ಞಾತ’? ಅನುಜ್ಞೆಯೆಂದರೆ ಅಪ್ಪಣೆ. ಆ ವಾಕ್ಯದಲ್ಲಿ ಪರೀಕ್ಷಕನಿಲ್ಲ, ಪ್ರಶ್ನೆಯಿಲ್ಲ. ಅಪ್ಪಣೆಯ ನಂತರ ಬರುವುದು ಉಗುರು ಕೂದಲು ಕತ್ತರಿಸಿರಬೇಕು, ಬಿಳಿಬಟ್ಟೆ ಉಟ್ಟಿರಬೇಕು, ಕೊಡೆ ಹಿಡಿದಿರಬೇಕು ಎಂಬ ಮಾತುಗಳು. ವೈದ್ಯ ಪ್ರವೇಶಿಸಬೇಕಾದದ್ದು ‘ವಿಶಿಖೆ’ಯನ್ನು. ಇದೇ ಪದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಕ್ಕಸಾಲೆಯ ವ್ಯವಹಾರ ನಡೆಯುವ ಬೀದಿಗೆ ಬಳಕೆಯಾಗಿದೆ. ಅದೇ ಗ್ರಂಥದ ನಾಲ್ಕನೆಯ ಅಧಿಕರಣ ವೈದ್ಯನನ್ನು ನೇಕಾರ, ಅಗಸರ ಜೊತೆ ಒಂದೇ ಪ್ರಕರಣದಲ್ಲಿ ಕೂರಿಸುತ್ತದೆ. ಪ್ರಾಣಭಯದ ರೋಗವನ್ನು ಅಧಿಕಾರಿಗಳಿಗೆ ತಿಳಿಸದೆ ಚಿಕಿತ್ಸೆ ಮಾಡಿ ರೋಗಿ ಸತ್ತರೆ ದಂಡ ವಿಧಿಸುತ್ತದೆ. ಆದ್ದರಿಂದ ರಾಜಾನುಜ್ಞೆಯನ್ನು ಬೀದಿಯಲ್ಲಿ ವೃತ್ತಿ ನಡೆಸುವ ಅಪ್ಪಣೆಯೆಂದು ನಾನು ಓದುತ್ತೇನೆ. ಕೈಚಳಕದ ಸಾಕ್ಷಿ ಅದಲ್ಲ. ಕುವೈದ್ಯರು ಹುಟ್ಟುವುದು ರಾಜನ ದೋಷದಿಂದ ಎಂದು ಸೂತ್ರಸ್ಥಾನದ ಮೂರನೆಯ ಅಧ್ಯಾಯ ಹೇಳುತ್ತದೆ, ನಿಜ. ಅದು ರಾಜನ ಹೊಣೆಯನ್ನು ಹೇಳುತ್ತದೆಯೇ ಹೊರತು ಪರೀಕ್ಷಾವಿಧಾನವನ್ನಲ್ಲ.

ಅರ್ಹತೆಯನ್ನು ಕಾನೂನಿನ ಪ್ರಶ್ನೆಯಾಗಿಸಿದ ಆಧಾರ ಬೇಕಿದ್ದರೆ ನಮ್ಮ ನೆಲದಲ್ಲೇ ಇದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರವನ್ನು ನಾವು ದಾಯಭಾಗದ ಚರ್ಚೆಗೆಂದು ಮಾತ್ರ ತೆರೆಯುತ್ತೇವೆ. ಆದರೆ ಅದು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯ ‘ಮಿಥ್ಯೆ’ಯಾಗಿ ನಡೆದುಕೊಳ್ಳುವ ವೈದ್ಯನಿಗೆ ದಂಡ ಹೇಳುತ್ತದೆ: ರೋಗಿ ಪಶುವಾದರೆ ಪ್ರಥಮ ಸಾಹಸ, ಮನುಷ್ಯನಾದರೆ ಮಧ್ಯಮ, ರಾಜಪುರುಷನಾದರೆ ಉತ್ತಮ. ಮಿಥ್ಯೆ ಎಂದರೇನು? ಮನುಸ್ಮೃತಿಯ ಇಂಥದೇ ಶ್ಲೋಕಕ್ಕೆ ಕುಲ್ಲೂಕಭಟ್ಟ ದುಶ್ಚಿಕಿತ್ಸೆ ಎಂದು ಅರ್ಥ ಬರೆದ. ಅಂದರೆ ತಪ್ಪು ನಡೆದ ಮೇಲೆ ದಂಡ. ವಿಜ್ಞಾನೇಶ್ವರನ ಓದು ಬೇರೆ. ಅವನ ಪ್ರಕಾರ ಆಯುರ್ವೇದ ತಿಳಿಯದೆಯೇ ಹೊಟ್ಟೆಪಾಡಿಗಾಗಿ ‘ನಾನು ಚಿಕಿತ್ಸೆ ಬಲ್ಲೆ’ ಎಂದುಕೊಂಡು ಕೈಹಾಕುವವನು ಅಪರಾಧಿ. ರೋಗಿ ಬದುಕಿದನೋ ಸತ್ತನೋ ಎಂಬುದು ಅವನ ವಿವರಣೆಯಲ್ಲಿ ಬರುವುದೇ ಇಲ್ಲ. ಅಪರಾಧ ಇರುವುದು ಕಲಿಯದೆ ಕೈಹಾಕಿದ್ದರಲ್ಲಿ.

ಇದು ಬರೀ ಟೀಕಾಕಾರನ ಪದವಿವರಣೆ, ಆಚರಣೆಯ ಸಾಕ್ಷಿಯಲ್ಲ ಎಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ, ಕಲ್ಯಾಣದಲ್ಲಿ ವೈದ್ಯರ ಪರೀಕ್ಷೆ ನಡೆಯುತ್ತಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಇದೇ ಎಚ್ಚರವನ್ನು ‘ರಾಜಾನುಜ್ಞಾತ’ದ ವಿಷಯದಲ್ಲೂ ತೋರಿಸಬೇಕಲ್ಲವೇ?

ಆಯುರ್ವೇದ ಚರಿತ್ರೆಯ ಪಾಠ ಹೇಳುವವರಲ್ಲಿ ನನ್ನ ವಿನಂತಿ ಇಷ್ಟು: ‘ಜಗತ್ತಿನ ಮೊದಲ ವೈದ್ಯಪರೀಕ್ಷೆ’ ಎಂಬ ಸಾಲನ್ನು ಟಿಪ್ಪಣಿಗಳಿಂದ ತೆಗೆಯಿರಿ. ಆ ಜಾಗದಲ್ಲಿ ಒಂಬತ್ತನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಿಸಿ, ಅದರ ಜೊತೆಗೆ ಮಿತಾಕ್ಷರದ ಆ ವಿವರಣೆಯನ್ನೂ ಇಡಿ.