ರೋಗಿಯ ಜೊತೆಗೇ ಸಾಗಬೇಕಾದ ಕಡತ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಒಬ್ಬೊಬ್ಬ ವೈದ್ಯರದ್ದೂ ಒಂದೊಂದು ಲೆಡ್ಜರ್. ರೋಗಿ ಮೂವರನ್ನು ಕಂಡರೆ ಅವರ ಕಾಯಿಲೆಯ ವಿವರ ಮೂರು ಪುಸ್ತಕಗಳಲ್ಲಿ ಹಂಚಿಹೋಗುತ್ತಿತ್ತು. 1907ರಲ್ಲಿ ಹೆನ್ರಿ ಪ್ಲಮ್ಮರ್ ಎಂಬ ವೈದ್ಯರು ಪ್ರತಿ ರೋಗಿಗೂ ಒಂದು ಸಂಖ್ಯೆ, ಒಂದೇ ಕಡತ ಎಂಬ ಪದ್ಧತಿ ತಂದರು. ಯಾರೇ ನೋಡಲಿ, ಯಾವ ಪರೀಕ್ಷೆಯೇ ಆಗಲಿ, ಎಲ್ಲವೂ ಆ ಕಡತದೊಳಕ್ಕೆ. ಇವತ್ತಿನ ಇಎಂಆರ್, ಅಂದರೆ ವಿದ್ಯುನ್ಮಾನ ವೈದ್ಯಕೀಯ ದಾಖಲೆಯ ತಳಹದಿ ಕಂಪ್ಯೂಟರಿಗಿಂತ ಹಳೆಯದು.

ಕಡತದೊಳಗೆ ಏನನ್ನು ಹೇಗೆ ಬರೆಯಬೇಕೆಂಬುದಕ್ಕೆ 1968ರಲ್ಲಿ ಲಾರೆನ್ಸ್ ವೀಡ್ ಎಂಬ ವೈದ್ಯರು ಒಂದು ಶಿಸ್ತು ಕೊಟ್ಟರು. ರೋಗಿ ಹೇಳಿದ್ದು, ವೈದ್ಯರು ಕಂಡದ್ದು, ಅದರಿಂದ ತಿಳಿದದ್ದು, ಮುಂದೆ ಮಾಡಬೇಕಾದದ್ದು ಎಂಬ ಅವರ ಕ್ರಮವನ್ನು ವೈದ್ಯ ವಿದ್ಯಾರ್ಥಿಗಳು ಈಗಲೂ ಕಲಿಯುತ್ತಾರೆ. ಅದೇ ಹೊತ್ತಿಗೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವೈದ್ಯಕೀಯ ದಾಖಲೆಗಳಿಗೆಂದೇ ‘ಮಂಪ್ಸ್’ ಎಂಬ ಕಂಪ್ಯೂಟರ್ ಭಾಷೆ ಹುಟ್ಟಿತು.

ನನಗೆ ಈ ಚರಿತ್ರೆಯಲ್ಲಿ ಬಹಳ ಮುಖ್ಯವೆನಿಸುವುದು 1976ರ ಒಂದು ಪ್ರಯೋಗ. ಇಂಡಿಯಾನಾಪೊಲಿಸ್‌ನ ವೈದ್ಯ ಕ್ಲೆಮ್ ಮ್ಯಾಕ್‌ಡೊನಾಲ್ಡ್ ದಾಖಲೆಯನ್ನು ಬರೀ ಕೂಡಿಡದೆ, ಅದರಿಂದ ವೈದ್ಯರಿಗೆ ನೆನಪೋಲೆ ಬರುವಂತೆ ಮಾಡಿದರು: ಈ ರೋಗಿಗೆ ಈ ಪರೀಕ್ಷೆ ಬಾಕಿ ಇದೆ, ಈ ಔಷಧಿಯ ಪ್ರಮಾಣವನ್ನು ಇನ್ನೊಮ್ಮೆ ನೋಡಿ. ನೆನಪೋಲೆ ಇದ್ದಾಗ ಶೇ. 51ರಷ್ಟು ಸಂದರ್ಭಗಳಲ್ಲಿ ವೈದ್ಯರು ಕ್ರಮ ಕೈಗೊಂಡರು, ಇಲ್ಲದಿದ್ದಾಗ ಶೇ. 22ರಷ್ಟರಲ್ಲಿ ಮಾತ್ರ. ವೈದ್ಯರು ಅವರೇ, ಅವರ ತಿಳಿವಳಿಕೆಯೂ ಅಷ್ಟೇ. ರೋಗಿಗಳ ಸಾಲು ಉದ್ದವಿದ್ದಾಗ ಎಲ್ಲವನ್ನೂ ನೆನಪಿಡುವುದು ಮನುಷ್ಯಮಾತ್ರರಿಂದ ಆಗದ ಕೆಲಸ. ದಾಖಲೆ ಬರೆದವರಿಗೇ ಅದು ಹೀಗೆ ನೆರವಾದ ಕಡೆಗಳಲ್ಲಿ ವ್ಯವಸ್ಥೆಗಳು ಬೇರೂರಿವೆ.

ಮುಂದಿನ ತೊಡಕು ಆಸ್ಪತ್ರೆಗಳ ನಡುವಿನದು. ಒಂದು ಲ್ಯಾಬ್ ‘ಎಚ್‌ಬಿ’ ಎಂದು ಬರೆದದ್ದನ್ನು ಇನ್ನೊಂದು ‘ಹಿಮೋಗ್ಲೋಬಿನ್’ ಎನ್ನುತ್ತದೆ. ಎರಡೂ ಒಂದೇ ಎಂದು ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು. ಅದಕ್ಕಾಗಿ ಸಂದೇಶಗಳಿಗೆ 1987ರಲ್ಲಿ ಎಚ್‌ಎಲ್7, ಸ್ಕ್ಯಾನ್ ಚಿತ್ರಗಳಿಗೆ ಡೈಕಾಮ್, ಪರೀಕ್ಷೆಗಳ ಹೆಸರಿಗೆ ಲೋಯಿಂಕ್, ಈಚೆಗೆ ಫೈರ್ ಎಂಬ ಮಾನದಂಡಗಳು ಬಂದವು. ದಾಖಲೆ ಊರು ದಾಟುವುದರ ಬೆಲೆ 2005ರ ಕತ್ರಿನಾ ಚಂಡಮಾರುತದಲ್ಲಿ ಕಂಡಿತು. ನ್ಯೂ ಆರ್ಲಿಯನ್ಸ್‌ನಲ್ಲಿ ಅದೆಷ್ಟೋ ಕಾಗದದ ಕಡತಗಳು ನೀರುಪಾಲಾದವು. ಮಾಜಿ ಸೈನಿಕರ ಆಸ್ಪತ್ರೆಯ ವಿದ್ಯುನ್ಮಾನ ದಾಖಲೆಗಳು ಮಾತ್ರ ಬೇರೆ ಊರುಗಳ ವೈದ್ಯರಿಗೆ ಕೆಲವೇ ದಿನಗಳಲ್ಲಿ ಸಿಕ್ಕವು.

2009ರ ಕಾನೂನಿನಡಿ ಅಮೆರಿಕ ಸರ್ಕಾರ ಹಣ ಸುರಿದ ಮೇಲೆ ಅಲ್ಲಿನ ಬಹುಪಾಲು ಆಸ್ಪತ್ರೆಗಳು ಇಎಂಆರ್‌ಗೆ ಬಂದವು. ಜೊತೆಗೆ, ರೋಗಿಯ ಮುಖಕ್ಕಿಂತ ಪರದೆಯನ್ನೇ ಹೆಚ್ಚು ನೋಡಬೇಕಾಗಿದೆ ಎಂಬ ವೈದ್ಯರ ಸಂಕಟವೂ ಬಂತು. ದುಬಾರಿ ತಂತ್ರಾಂಶ ಕೊಳ್ಳಲಾಗದವರು ಬೇರೆ ದಾರಿ ಹಿಡಿದರು. ಕೆನ್ಯಾದ ಅನುಭವದಿಂದ 2004ರಲ್ಲಿ ಓಪನ್‌ಎಂಆರ್‌ಎಸ್ ಎಂಬ ಮುಕ್ತ ತಂತ್ರಾಂಶ ರೂಪುಗೊಂಡಿತು. ಅದರ ಮೇಲೆ ಕಟ್ಟಿದ ‘ಬಹ್ಮನಿ’ ಛತ್ತೀಸ್‌ಗಢದ ಗನಿಯಾರಿ ಎಂಬ ಹಳ್ಳಿಯ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಯಲ್ಲಿ ಮೊದಲು ಬಳಕೆಗೆ ಬಂತು.

ಭಾರತ ಸರ್ಕಾರ 2013ರಲ್ಲಿ ದಾಖಲೆಗಳ ಮಾನದಂಡ ಪ್ರಕಟಿಸಿ, 2016ರಲ್ಲಿ ಪರಿಷ್ಕರಿಸಿತು. 2021ರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ‘ಆಭಾ’ ಎಂಬ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆಯನ್ನು ದೇಶಕ್ಕೆಲ್ಲ ಹಬ್ಬಿಸಿತು. ಇದರಲ್ಲಿ ದಾಖಲೆಗಳೆಲ್ಲ ಒಂದೇ ಕಣಜಕ್ಕೆ ಹೋಗುವುದಿಲ್ಲ. ಆಯಾ ಆಸ್ಪತ್ರೆಯಲ್ಲೇ ಉಳಿದು, ರೋಗಿಯ ಒಪ್ಪಿಗೆಯ ಮೇಲೆ ಇನ್ನೊಂದೆಡೆಗೆ ಹೋಗುತ್ತವೆ. ಈ ವಿನ್ಯಾಸ ಸರಿಯಾದದ್ದು. ಆದರೆ 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾಗಿ ಸಿಬ್ಬಂದಿ ದಿನಗಟ್ಟಲೆ ಕೈಬರಹಕ್ಕೆ ಮರಳಬೇಕಾಯಿತು. ಒಪ್ಪಿಗೆಯಷ್ಟೇ ಭದ್ರತೆಯೂ ಮುಖ್ಯ.

ಕರ್ನಾಟಕದಲ್ಲಿ ನಿಮ್ಹಾನ್ಸ್ ಮತ್ತು ಬೆಂಗಳೂರಿನ ಐಐಐಟಿ ನೆರವಿನಿಂದ 2021ರಲ್ಲಿ ಮಾನಸಿಕ ಆರೋಗ್ಯ ದಾಖಲೆಗಳಿಗಾಗಿ ‘ಇ-ಮಾನಸ್’ ಶುರುವಾಯಿತು. ಆದರೆ ಹಳ್ಳಿಯ ಮಟ್ಟದಲ್ಲಿ ಬರೆಯುವ ಹೊರೆ ಇನ್ನೂ ಇಳಿದಿಲ್ಲ. ಗರ್ಭಿಣಿಯ ತೂಕ, ಬಿಪಿ, ಹಿಮೋಗ್ಲೋಬಿನ್ ಅನ್ನು ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ, ತಾಯಿ ಕಾರ್ಡಿನಲ್ಲಿ ಬರೆದು, ರಿಜಿಸ್ಟರಿನಲ್ಲಿ ಬರೆದು, ಪೋರ್ಟಲ್‌ನಲ್ಲೂ ತುಂಬಬೇಕು. ಹೊಸ ತಂತ್ರಾಂಶದ ಜೊತೆಗೆ ಹಳೆಯ ರಿಜಿಸ್ಟರ್ ನಿಲ್ಲಿಸುವ ಆದೇಶವೂ ಬರಬೇಕು. ಆಕೆ ತುಂಬಿದ ಅಂಕಿಗಳು ಜಿಲ್ಲಾ ಕಚೇರಿಗೆ ಹೋದರೆ ಸಾಲದು. ಈ ವಾರ ಯಾರ ರಕ್ತಹೀನತೆ ಹೆಚ್ಚಿದೆ, ಯಾರು ತಪಾಸಣೆಗೆ ಬಂದಿಲ್ಲ ಎಂಬ ಪಟ್ಟಿಯಾಗಿ ಆಕೆಯ ಮೊಬೈಲ್‌ಗೂ ಮರಳಬೇಕು.