ಹದಿಹರೆಯದ ಮಕ್ಕಳ ಮಧುಮೇಹ: ಮನೆಮಂದಿ ಅರಿತಿರಬೇಕಾದ ಸಂಗತಿಗಳು

ಮಧುಮೇಹವೆಂದರೆ ಐವತ್ತು ದಾಟಿದವರ ಕಾಯಿಲೆ ಎಂಬ ನಂಬಿಕೆ ನಮ್ಮ ಕಾಸರಗೋಡಿನ ಊರುಗಳಲ್ಲಿ ಇನ್ನೂ ಬಲವಾಗಿದೆ. ಆದರೆ ಶಾಲಾ ಮಕ್ಕಳನ್ನು ಬಾಧಿಸುವ ಮಧುಮೇಹ ಬಹುಮಟ್ಟಿಗೆ ಬೇರೆಯೇ ಬಗೆಯದು. ಇದನ್ನು ಟೈಪ್ 1 ಮಧುಮೇಹವೆನ್ನುತ್ತಾರೆ. ದೇಹದ ರಕ್ಷಣಾ ವ್ಯವಸ್ಥೆಯು ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಪಡಿಸುವುದರಿಂದ ಇದು ಉಂಟಾಗುತ್ತದೆ. ಸಿಹಿ ತಿಂದುದರಿಂದ ಬಂದುದಲ್ಲ, ಹೆತ್ತವರ ತಪ್ಪಿನಿಂದ ಬಂದುದಲ್ಲ, ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಇದಕ್ಕೆ ಇನ್ಸುಲಿನ್ ಚುಚ್ಚುಮದ್ದೇ ಆಧಾರ.

1922ರ ಜನವರಿಯಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಇನ್ಸುಲಿನ್ ಚಿಕಿತ್ಸೆಯನ್ನು ಮೊದಲಿಗೆ ಪಡೆದವನು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕ. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇನ್ಸುಲಿನ್ ಕಂಡುಹಿಡಿದವರಲ್ಲೊಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಅವರ ಜನ್ಮದಿನವಾದ ನವೆಂಬರ್ 14 ವಿಶ್ವ ಮಧುಮೇಹ ದಿನ. ನಮ್ಮ ಶಾಲೆಗಳು ಮಕ್ಕಳ ದಿನ ಆಚರಿಸುವುದೂ ಅಂದೇ. ಈ ಎರಡನ್ನೂ ಒಟ್ಟಿಗೆ ನೆನೆಯುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕಾಗಿದೆ.

ಆರಂಭದ ಸೂಚನೆಗಳು

ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ವಿಸರ್ಜನೆ, ಚೆನ್ನಾಗಿ ಉಂಡರೂ ಮೈ ಇಳಿಯುವುದು, ಕಾರಣವಿಲ್ಲದ ಆಯಾಸ ಇವು ಮುಖ್ಯ ಲಕ್ಷಣಗಳು. ತರಗತಿಯಲ್ಲಿ ಮತ್ತೆ ಮತ್ತೆ ಹೊರಗೆ ಹೋಗಲು ಅನುಮತಿ ಕೇಳುವ ಮಗುವನ್ನು ಗದರಿಸುವ ಮುನ್ನ ನಾವು ಶಿಕ್ಷಕರೂ ಒಮ್ಮೆ ಯೋಚಿಸಬೇಕು. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನಂತಹ ವಾಸನೆ ಕಂಡುಬಂದರೆ ರಕ್ತದಲ್ಲಿ ಆಮ್ಲ ಹೆಚ್ಚಿದೆಯೆಂದು ಶಂಕಿಸಬೇಕು. ಇದು ಪ್ರಾಣಾಪಾಯದ ಸ್ಥಿತಿ. ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಹದಿಹರೆಯವೇ ಏಕೆ ಕಠಿಣ

ಎಂಟನೆಯ ತರಗತಿಯವರೆಗೆ ಸಕ್ಕರೆ ಪ್ರಮಾಣ ಹದದಲ್ಲಿದ್ದ ಮಗುವಿನಲ್ಲಿ ಒಂಬತ್ತು, ಹತ್ತನೆಯ ತರಗತಿಗೆ ಬಂದಾಗ ಅದು ಏರುವುದುಂಟು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ದೇಹಕ್ಕೆ ಸಂಬಂಧಿಸಿದ್ದು. ಪ್ರಾಯಕ್ಕೆ ಬರುವ ಕಾಲದಲ್ಲಿ ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್ನಿನ ಪರಿಣಾಮವನ್ನು ತಗ್ಗಿಸುತ್ತವೆ. ಹೀಗಾಗಿ ಮೊದಲಿಗಿಂತ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಇದು ಮಗುವಿನ ಉದಾಸೀನವಲ್ಲ. ಎರಡನೆಯದು ಮನೆಗೆ ಸಂಬಂಧಿಸಿದ್ದು. "ಇನ್ನು ದೊಡ್ಡವನಾದ, ತಾನೇ ನೋಡಿಕೊಳ್ಳಲಿ" ಎಂದು ಹೆತ್ತವರು ಒಮ್ಮೆಲೇ ಕೈಬಿಡುವುದು ಅಥವಾ ಅದಕ್ಕೆ ವಿರುದ್ಧವಾಗಿ ಪ್ರತಿ ತುತ್ತಿಗೂ ಕಾವಲು ನಿಲ್ಲುವುದು. ಎರಡೂ ಮಗುವನ್ನು ಸುಳ್ಳಿನ ಕಡೆಗೆ ತಳ್ಳುತ್ತವೆ. ಪರೀಕ್ಷಿಸದೆ ಪುಸ್ತಕದಲ್ಲಿ ಅಂಕಿ ಬರೆಯುವುದು, ಚುಚ್ಚದೆ ಚುಚ್ಚಿದೆನೆನ್ನುವುದು ಆಗ ಆರಂಭವಾಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ಆಂಡರ್ಸನ್ ಮತ್ತು ಅವರ ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ದಾರಿ ತೋರುತ್ತದೆ. ಹೊಣೆಯನ್ನು ಹೆತ್ತವರೂ ಮಕ್ಕಳೂ ಹಂಚಿಕೊಳ್ಳುವ ಬಗೆಯನ್ನು ಆಸ್ಪತ್ರೆಯ ಭೇಟಿಗಳಲ್ಲಿಯೇ ಕಲಿಸಿದಾಗ, ಮನೆಯಲ್ಲಿ ಜಗಳ ಹೆಚ್ಚದೆಯೇ ಹೆತ್ತವರ ಪಾಲ್ಗೊಳ್ಳುವಿಕೆ ಉಳಿಯಿತು. ಒಟ್ಟಿಗೆ ನಿಲ್ಲುವುದಕ್ಕೂ ಮೇಲೆ ಬೀಳುವುದಕ್ಕೂ ಇರುವ ವ್ಯತ್ಯಾಸವೇ ಇದರ ತಿರುಳು.

ಕೆಲಸದ ಹಂಚಿಕೆ

ಯಾರು ಏನು ಮಾಡಬೇಕೆಂಬುದನ್ನು ಮನೆಯವರೆಲ್ಲ ಕುಳಿತು ನಿರ್ಧರಿಸುವುದು ಒಳ್ಳೆಯದು. ಬೆರಳು ಚುಚ್ಚಿ ಪರೀಕ್ಷಿಸುವುದು, ಇನ್ಸುಲಿನ್ ಚುಚ್ಚಿಕೊಳ್ಳುವುದು ಮಗುವಿನ ಕೆಲಸವಾಗಬಹುದು. ಆ ಹೊತ್ತಿಗೆ ಹಿರಿಯರೊಬ್ಬರು ಬಳಿಯಲ್ಲಿರಬೇಕು. ಇನ್ಸುಲಿನ್ ಮತ್ತು ಪರೀಕ್ಷಾ ಪಟ್ಟಿಗಳು ಮುಗಿಯುವ ಮುನ್ನ ತರುವುದು ತಂದೆಯ ಹೊಣೆಯಾಗಲಿ. ವಾರಕ್ಕೊಮ್ಮೆ ಅಂಕಿಗಳ ಪುಸ್ತಕವನ್ನು ತಾಯಿ ಮಗು ಕೂಡಿ ನೋಡಲಿ. ಹೊಟ್ಟೆ, ತೊಡೆ, ತೋಳು ಎಂದು ಚುಚ್ಚುವ ಜಾಗ ಬದಲಾಗುತ್ತಿದೆಯೇ ಎಂದು ಗಮನಿಸಬೇಕು. ಒಂದೇ ಜಾಗದಲ್ಲಿ ಚುಚ್ಚಿದರೆ ಗಂಟು ಕಟ್ಟಿ ಮದ್ದು ಸರಿಯಾಗಿ ಹೀರುವುದಿಲ್ಲ.

ಮಾತಿನ ರೀತಿಯೂ ಚಿಕಿತ್ಸೆಯ ಭಾಗವೇ. ಮೀಟರಿನಲ್ಲಿ 280 ಕಂಡಾಗ "ಏನು ತಿಂದೆ?" ಎಂದು ಕೇಳಿದರೆ ಮಗು ಮುಂದಿನ ಬಾರಿ ಮೀಟರನ್ನೇ ಅಡಗಿಸುತ್ತದೆ. "ತೋರಿಸಿದ್ದು ಒಳ್ಳೆಯದಾಯಿತು ಮಗಾ, ಈಗ ಏನು ಮಾಡೋಣ?" ಎಂದರೆ ಮುಂದೆಯೂ ತೋರಿಸುತ್ತದೆ. ಮೀಟರಿನ ಅಂಕಿ ಪರೀಕ್ಷೆಯ ಅಂಕವಲ್ಲ. ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆಯೂ ಹಾಗೆಯೇ. ವೈದ್ಯರೊಡನೆ ಮುಂದಿನ ಹೆಜ್ಜೆ ತೀರ್ಮಾನಿಸಲು ಅದು ಆಧಾರ.

ಸಕ್ಕರೆ ಇಳಿದಾಗ

ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಹಸಿವು, ಸಿಡುಕು, ತೊದಲು ಮಾತು ಕಾಣಿಸಿಕೊಳ್ಳುತ್ತವೆ. ಕೂಡಲೇ 15 ಗ್ರಾಂ ಗ್ಲುಕೋಸ್ ಅಥವಾ ಮೂರು ಟೀ ಚಮಚ ಸಕ್ಕರೆ ಕದಡಿದ ನೀರು ಕುಡಿಸಬೇಕು. 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಿ, ಏರದಿದ್ದರೆ ಪುನಃ ಕೊಡಬೇಕು. ಚಾಕೊಲೇಟಿನಲ್ಲಿ ಕೊಬ್ಬು ಇರುವುದರಿಂದ ಅದು ತಡವಾಗಿ ಕೆಲಸ ಮಾಡುತ್ತದೆ. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ನೀರನ್ನಾಗಲಿ ಸಕ್ಕರೆಯನ್ನಾಗಲಿ ಹಾಕಬಾರದು. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಸಂಜೆ ಆಟವಾಡಿದ ದಿನ ಅಥವಾ ಯಕ್ಷಗಾನದ ಅಭ್ಯಾಸದಲ್ಲಿ ಕುಣಿದ ದಿನ, ಗಂಟೆಗಳ ಬಳಿಕ ನಿದ್ದೆಯಲ್ಲಿಯೂ ಸಕ್ಕರೆ ಇಳಿಯಬಹುದು. ಅಂದು ಮಲಗುವ ಮುನ್ನ ಪರೀಕ್ಷಿಸುವುದು ಅವಶ್ಯ. ಆದರೆ ಆಟವನ್ನೂ ಕುಣಿತವನ್ನೂ ಬಿಡಿಸಬೇಕಾಗಿಲ್ಲ.

ಜ್ವರ, ಊಟ, ಶೇಖರಣೆ

ಜ್ವರ ಬಂದು ಊಟ ಸೇರದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಹೆಚ್ಚು ಬಾರಿ ಪರೀಕ್ಷಿಸಿ, ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು. ಹಾಗಲ, ಬೇವು, ಕಷಾಯಗಳನ್ನು ನಂಬಿ ಇನ್ಸುಲಿನ್ ಬಿಡಿಸುವ ಸಲಹೆ ಯಾರಿಂದ ಬಂದರೂ ಒಪ್ಪಬಾರದು. ಟೈಪ್ 1ರಲ್ಲಿ ಅದು ಮಗುವಿನ ಜೀವಕ್ಕೆ ಕುತ್ತು. ಏಕಾದಶಿ, ರಂಜಾನ್ ಮೊದಲಾದ ಉಪವಾಸಗಳ ವಿಷಯವನ್ನೂ ವೈದ್ಯರೊಡನೆ ಮೊದಲೇ ಮಾತನಾಡಬೇಕು.

ಮಗುವಿಗೆ ಬೇರೆ ಅಡುಗೆ ಬೇಡ. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಬಸಳೆ ಸಾರು ಎಲ್ಲವೂ ಇರಲಿ. ಅನ್ನದ ಅಳತೆಗೂ ಇನ್ಸುಲಿನ್ನಿನ ಅಳತೆಗೂ ಹೊಂದಾಣಿಕೆಯಿರಲಿ. ಮನೆಮಂದಿ ಪಾಯಸ ಉಣ್ಣುವಾಗ ಒಬ್ಬನನ್ನು ಮಾತ್ರ ದೂರ ಕೂರಿಸುವುದು ಸರಿಯಲ್ಲ.

ಒಡೆಯದ ಇನ್ಸುಲಿನ್ ಸೀಸೆಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ತಾಪದಲ್ಲಿಡಬೇಕು, ಹೆಪ್ಪುಗಟ್ಟಿದ್ದನ್ನು ಬಳಸಬಾರದು. ಫ್ರಿಜ್ಜಿಲ್ಲದ ಮನೆಯಲ್ಲಿ ನೀರು ತಾಗದಂತೆ ಮುಚ್ಚಿ, ನೆರಳಿನಲ್ಲಿರುವ ತೇವದ ಮಣ್ಣಿನ ಮಡಕೆಯಲ್ಲಿಡಬಹುದು.

ಶಾಲೆ, ಭಾಷೆ, ಸವಲತ್ತು

ಕಾಯಿಲೆಯನ್ನು ಶಾಲೆಯಿಂದ ಮುಚ್ಚಿಡಬೇಡಿರೆಂದು ಹೆತ್ತವರಲ್ಲಿ ನಮ್ಮ ವಿನಂತಿ. ಹೆಣ್ಣುಮಕ್ಕಳ ವಿಷಯದಲ್ಲಿ, ಮುಂದೆ ಮದುವೆಗೆ ತೊಡಕಾದೀತೆಂಬ ಭಯದಿಂದ, ಈ ಗುಟ್ಟು ಇನ್ನಷ್ಟು ಬಿಗಿಯಾಗಿರುವುದನ್ನು ನಾವು ಬಲ್ಲೆವು. ಆ ಗುಟ್ಟಿನಿಂದಾಗಿಯೇ ಮಗು ಶೌಚಾಲಯದಲ್ಲಿ ನಿಂತು ಚುಚ್ಚಿಕೊಳ್ಳಬೇಕಾಗುತ್ತದೆ ಅಥವಾ ಮಧ್ಯಾಹ್ನದ ಮದ್ದನ್ನೇ ಬಿಡುತ್ತದೆ. ತರಗತಿ ಶಿಕ್ಷಕರಿಗೆ ತಿಳಿದಿದ್ದರೆ ಸ್ವಚ್ಛವಾದ ಜಾಗ, ಚೀಲದಲ್ಲಿ ಗ್ಲುಕೋಸ್, ಬೇಕೆಂದಾಗ ತಿನ್ನುವ ಅವಕಾಶ ಇಷ್ಟನ್ನೂ ಒದಗಿಸಬಹುದು. ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಸಿಬಿಎಸ್‌ಇ ಮಂಡಳಿ 2017ರಲ್ಲಿಯೇ ಅನುಮತಿ ನೀಡಿದೆ. ರಾಜ್ಯದ ಎಸ್ಸೆಸ್ಸೆಲ್ಸಿ ಬರೆಯುವ ಮಕ್ಕಳ ಹೆತ್ತವರು ಇಂತಹ ಅನುಕೂಲಗಳಿಗಾಗಿ ವೈದ್ಯರ ಪ್ರಮಾಣಪತ್ರದೊಡನೆ ಮುಖ್ಯೋಪಾಧ್ಯಾಯರಲ್ಲಿ ವರ್ಷಾರಂಭದಲ್ಲಿಯೇ ವಿಚಾರಿಸಬೇಕು.

ಕೇರಳ ಸಾಮಾಜಿಕ ಸುರಕ್ಷಾ ಮಿಷನ್ನಿನ 'ಮಿಠಾಯಿ' ಯೋಜನೆಯು ಟೈಪ್ 1 ಮಧುಮೇಹವುಳ್ಳ ಮಕ್ಕಳ ಚಿಕಿತ್ಸೆಗೆ ನೆರವಾಗಲೆಂದೇ ಇದೆ. ಅರ್ಹತೆಯ ವಿವರವನ್ನು ಸರಕಾರಿ ಆಸ್ಪತ್ರೆಯಲ್ಲಿ ಕೇಳಿ ತಿಳಿಯಬಹುದು. ಚಿಕಿತ್ಸೆಗೆ ಮಂಗಳೂರಿಗೆ ಹೋಗುವ ಕುಟುಂಬಗಳೂ ಇದನ್ನು ವಿಚಾರಿಸುವುದು ಲೇಸು.

ಕೊನೆಯದಾಗಿ ಭಾಷೆಯ ಮಾತು. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವ ಮದ್ದಿನ ಚೀಟಿಯನ್ನು ಮಗುವೇ ಓದಿ ಮನೆಯವರಿಗೆ ಹೇಳುವ ಸ್ಥಿತಿ ನಮ್ಮ ಕನ್ನಡ ಮನೆಗಳಲ್ಲಿದೆ. ಹಾಗಾದಾಗ ಮಗು ಹೇಳಿದಷ್ಟೇ ಮನೆಗೆ ತಿಳಿಯುತ್ತದೆ. ಆದ್ದರಿಂದ ಹೊತ್ತು, ಪ್ರಮಾಣ, ಇಳಿದಾಗ ಮಾಡಬೇಕಾದುದು ಇವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆಸಿ, ವೈದ್ಯರಿಂದಲೋ ದಾದಿಯರಿಂದಲೋ ಖಚಿತಪಡಿಸಿಕೊಂಡು, ಅಜ್ಜಿಗೂ ಕಾಣುವಂತೆ ಅಡುಗೆಮನೆಯ ಗೋಡೆಗೆ ಅಂಟಿಸಿರಿ. ಬರೆಯಲು ತಿಳಿಯದಿದ್ದರೆ ಶಾಲೆಗೆ ಬನ್ನಿ. ಬರೆದುಕೊಡುವುದು ನಮ್ಮ ಕೆಲಸ.