ಕೂಸಿನ ನಿದ್ದಿ: ಗೋಳಿಯಿಂದ ಜೋಗುಳದ ತನಕ

ಹೋದ ತಿಂಗಳ ಮಗಳು ಕೂಸಿನ್ನ ಕರಕೊಂಡು ಗುಂಜಿಗೆ ಬಂದಿದ್ಲು. ಕೂಸಿಗೆ ಒಂದೂವರಿ ವರ್ಷ. ರಾತ್ರಿ ಹನ್ನೊಂದಾದ್ರೂ ಕಣ್ಣ ಮುಚ್ಚವಲ್ದು, ಮುಚ್ಚಿದ್ರ ಎರಡ ತಾಸಿಗೆ ಎದ್ದು ಕುಂಡ್ರತೈತಿ. ಮೂರನೇ ದಿನ ಓಣ್ಯಾಗಿನ ಹಿರೇರೊಬ್ರು ಬಂದು, "ಹಿಂದಿನ ಮಂದಿ ಒಂದ ಗೋಳಿ ಕೊಡತಿದ್ರು ನೋಡ, ಬೆಳತನಕ ಪಿಟ್ ಅಂತಿರಲಿಲ್ಲ" ಅಂದ್ರು. ನಿದ್ದಿಗೆಟ್ಟ ಮಗಳು "ಯಾವ ಗೋಳಿ ಅಜ್ಜಿ?" ಅಂತ ಆಸೇಲೆ ಕೇಳಿದ್ಲು. ನಾ ಗಪ್ಪಾದೆ. ಆ ಗೋಳಿ ಕಥಿ ನಮ್ಮ ಮನ್ಯಾಗೂ ಐತಿ.

ನಮ್ಮ ಆಯಿ, ಅಂದ್ರ ಅವ್ವನ ಅವ್ವ, ಸಣ್ಣಾಕಿದ್ದಾಗ ಆಷಾಢದ ಮಳಿಯೊಳಗ ಭತ್ತದ ನಾಟಿ ನಡದಿತ್ತಂತ. ಆಕಿ ಅವ್ವ ಕಂಬಳಿ ಕೊಪ್ಪಿ ಹಾಕ್ಕೊಂಡು ಗದ್ದ್ಯಾಗ ಬಗ್ಗಿದ್ರ, ಬದುವಿನ ಗಿಡಕ್ಕ ಸೀರಿ ಜೋಳಿಗಿ ಕಟ್ಟಿ ತಮ್ಮನ್ನ ಮಲಗಿಸಿರತಿದ್ರು. ಅಳೋ ಕೂಸು ಕೆಲಸ ಬಿಡಸ್ತೈತಿ ಅಂತ ಯಾರೋ ಗೋಳಿ ತಂದುಕೊಟ್ರು. ನಾಕ ದಿನ ಚೊಲೋ ಮಲಗ್ತು. ಐದನೇ ದಿನ ಸಂಜೀಕ ಜೋಳಿಗಿ ಬಿಚ್ಚಿದಾಗ ಕೂಸು ಏಳಲಿಲ್ಲ. ಆಯಿ ಇದನ್ನ ನಮಗ ಒಂದ ಸಲ ಅಷ್ಟ ಹೇಳಿದ್ಲು.

ಅದಕ್ಕ ಬಾಳಗೋಳಿ ಅಂತಿದ್ರು. ಅದರಾಗ ಇದ್ದದ್ದು ಅಫೀಮು. ಆವಾಗ ಬೆಳಗಾವಿ, ಖಾನಾಪುರ ಎಲ್ಲಾ ಮುಂಬೈ ಇಲಾಖೆಕ್ಕ ಸೇರಿದ್ದು. ನಾವು ಮೈಸೂರು ರಾಜ್ಯಕ್ಕ ಬಂದದ್ದು 1956ಕ್ಕ. 1878ರ ಕಾಯಿದೆ ಪ್ರಕಾರ ಲೈಸೆನ್ಸ್ ಅಂಗಡ್ಯಾಗ ಅಫೀಮು ರಾಜಾರೋಷ ಮಾರತಿದ್ರು, ಸರಕಾರಕ್ಕೂ ಉತ್ಪನ್ನ ಬರತಿತ್ತು. 1893ರಾಗ ಬ್ರಿಟಿಷರು ಅಫೀಮಿನ ವಿಚಾರಣೆಗೆ ಒಂದು ಆಯೋಗ ನೇಮಿಸಿದಾಗ ಕೂಸುಗಳಿಗೆ ಅಫೀಮು ಕೊಡೋ ಮಾತೂ ಬಂತು. 1922ರ ಸುಮಾರಿಗೆ ಡಾ. ಬಾರ್ನ್ಸ್ ಅನ್ನೋ ವೈದ್ಯೆ ಮುಂಬೈ ಗಿರಣಿ ಹೆಂಗಸರ ಸ್ಥಿತಿ ನೋಡಿ ವರದಿ ಕೊಟ್ರು: ಆ ತಾಯಂದಿರ ಕೂಸುಗಳೊಳಗ 100ಕ್ಕ 98ಕ್ಕ ಅಫೀಮು ಕೊಡತಾರ ಅಂತ.

ಓದಿದಾಗ ನನಗೂ ಆ ತಾಯಂದಿರ ಮ್ಯಾಲ ಸಿಟ್ಟು ಬಂತು. ಆಮ್ಯಾಲ ವಿಚಾರ ಮಾಡಿದೆ. ಮುಂಜಾನೆಯಿಂದ ಸಂಜಿತನಕ ಗಿರಣ್ಯಾಗ ನಿಂತಾಕಿ ಕೂಸಿನ್ನ ಯಾರ ಹತ್ರ ಬಿಡಬೇಕಿತ್ತು? ಇಂಗ್ಲೆಂಡಿನ ಗಿರಣಿ ಊರಾಗಿನ ತಾಯಂದಿರೂ ಅದಕ್ಕೂ ಮೊದಲ 'ಗಾಡ್‌ಫ್ರೇಸ್ ಕಾರ್ಡಿಯಲ್' ಅನ್ನೋ ಅಫೀಮಿನ ಸಿಹಿ ಔಷಧ ಕುಡಸ್ತಿದ್ರು. ದೇಶ ಬ್ಯಾರೆ, ಕಷ್ಟ ಒಂದ. ಕೂಸಿನ ನಿದ್ದಿ ಇತಿಹಾಸ ಅಂದ್ರ ಅವ್ವನ ದುಡಿಮಿ ಇತಿಹಾಸನ ಸೈ.

ಅಫೀಮು ನಿದ್ದಿ ಕೊಡೂದಿಲ್ಲ, ಮಂಪರ ಕೊಡತೈತಿ. ಹಸಿವು ಸತ್ತು ಕೂಸು ಸೊರಗತೈತಿ, ಮಲ ಕಟ್ಟತೈತಿ. ಅಳತಿ ಒಂದ ಚೂರು ಹೆಚ್ಚಾದ್ರ ಉಸಿರ ನಿಧಾನ ಆಗತ ಆಗತ ನಿಂತ ಬಿಡತೈತಿ. 1985ರ ಮಾದಕ ವಸ್ತು ಕಾಯಿದೆ ಬಂದಮ್ಯಾಲ ಇಂಥಾದ್ದನ್ನ ಮಾರೋದು ದೊಡ್ಡ ಅಪರಾಧ. ಆದ್ರೂ "ಜಾಯಿಕಾಯಿ ಜಾಸ್ತಿ ತೇದು ಕೊಡು", "ಕೆಮ್ಮಿನ ಔಷಧ ಒಂದ ಚಮಚ ಹಾಕು" ಅನ್ನೋ ಮಾತು ಇನ್ನೂ ಕೇಳತೇವಿ. ಹೆಸರು ಬದಲಾಗೇತಿ, ಆಸೆ ಹಳೇದ. ಜಾಯಿಕಾಯೂ ಹೆಚ್ಚಾದ್ರ ವಿಷನ.

ಹಂಗಂತ ಹಿಂದಿನವರದೆಲ್ಲಾ ತಪ್ಪು ಅನ್ನಂಗಿಲ್ಲ. ಕಲಘಟಗಿ ತೊಟ್ಟಿಲು ನೋಡ್ರಿ: ಸಾಗವಾನಿ ಕಟಗಿ, ಅರಗಿನ ಬಣ್ಣ, ಮೈತುಂಬ ಚಿತ್ರ. ಚಿತ್ರಗಾರ ಮನೆತನದವರು ಅದನ್ನ ತಲಿತಲಾಂತರದಿಂದ ಮಾಡಕೋತ ಬಂದಾರ. ಹಲಸಂಗಿ ಗೆಳೆಯರು 1931ರಾಗ 'ಗರತಿಯ ಹಾಡು' ಅಚ್ಚು ಹಾಕಿಸಿದ್ರು. ಬೀಸೋ ಕಲ್ಲಿನ ಮುಂದ, ತೊಟ್ಟಿಲ ಮುಂದ ಹೆಂಗಸರು ಹಾಡಿದ್ದಕ್ಕೂ ಪುಸ್ತಕದಾಗ ಜಾಗ ಸಿಕ್ತು. ಅದ ಹಾಡು, ಅದ ತೂಗು, ಅದ ಹೊತ್ತು. ಇವತ್ತ ಡಾಕ್ಟರು ಹೇಳೋದೂ ಅದನ್ನ: ದಿನಾ ಒಂದ ವ್ಯಾಳ್ಯಾಕ್ಕ, ಒಂದ ಕ್ರಮದಾಗ ಮಲಗಸ್ರಿ ಅಂತ. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳಿದಂಗ ಒಂದರಿಂದ ಎರಡು ವರ್ಷದ ಕೂಸಿಗೆ ಮಧ್ಯಾಹ್ನದ್ದೂ ಹಿಡದು ದಿನಕ್ಕ 11ರಿಂದ 14 ತಾಸು ನಿದ್ದಿ ಬೇಕು.

ಮಗಳಿಗೆ ಆಯಿ ಕಥಿ ಹೇಳಿದೆ. ಆಕಿ ಅತ್ಲು. ಆವತ್ತಿನಿಂದ ಸಂಜಿ ನಿದ್ದಿ ಬಿಡಿಸಿದ್ವಿ, ಏಳಕ್ಕ ಊಟ, ಎಂಟಕ್ಕ ಮೊಬೈಲ್ ಬಂದ್, ದೀಪ ಸಣ್ಣದು, ಒಂದ ಹಾಡು. ಮಧ್ಯರಾತ್ರಿ ಎದ್ದಾಗ ದೀಪ ಹಚ್ಚಲಿಲ್ಲ, ಮಾತಾಡಸಲಿಲ್ಲ, ಬೆನ್ನ ಮ್ಯಾಲ ಕೈ ಅಷ್ಟ. ಎಂಟ್ಹತ್ತು ದಿನ ಹಿಡೀತು. ಈಗೂ ಒಮ್ಮೊಮ್ಮೆ ಏಳತೈತಿ, ಕೂಸಲ್ಲೇನು?

ಒಂದ ಮಾತು ಅಕ್ಕಾರ: ಓಣ್ಯಾಗ ಯಾರದರ ಕೂಸು ರಾತ್ರಿ ಅಳಾಕತ್ರ ಔಷಧ ಹೇಳಬ್ಯಾಡ್ರಿ. ಮರುದಿನ ಹೋಗಿ ಎರಡ ತಾಸು ಕೂಸಿನ್ನ ಎತಗೋರಿ, ಅವ್ವ ಮಲಗಲಿ. ನಮ್ಮ ಮುತ್ತಜ್ಜಿಗೆ ಗದ್ದಿ ಬದುವಿನ ಮ್ಯಾಲ ಅಂಥಾ ಎರಡು ಕೈ ಸಿಕ್ಕಿದ್ದವಂದ್ರ ಆ ಗೋಳಿ ಬೇಕಾಗತಿರಲಿಲ್ಲ.